ಶಾಲೆಯ ಮರಗೆಲಸದ ಕೋಣೆಗೆ ಯಂತ್ರ ಬಂದಾಗ: ಅಳಿಯನಿಗೊಂದು ಪತ್ರ

ಮಂಗಳೂರು

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಪತ್ರ ತಲುಪಿತು. ನೀನು ಮರಗೆಲಸ ಕಲಿಸುವ ಉಡುಪಿಯ ಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬರು ತಾವು ಮುಚ್ಚಿದ ಪೀಠೋಪಕರಣ ಕಾರ್ಖಾನೆಯ ಯಂತ್ರಗಳನ್ನು ದಾನವಾಗಿ ಕೊಟ್ಟಿದ್ದಾರೆಂದೂ, ಮೇಜಿನಿಂದ ಮೇಲೆದ್ದು ತಿರುಗುವ ದುಂಡು ಗರಗಸದ ಟೇಬಲ್ ಸಾ, ಹಲಗೆ ಕೀಸುವ ಪ್ಲೇನರ್, ಪಟ್ಟಿಗರಗಸದ ಬ್ಯಾಂಡ್ ಸಾ, ಮರ ಕಡೆಯುವ ಲೇತ್, ಡ್ರಿಲ್ಲಿಂಗ್ ಮಷಿನ್ ಎಲ್ಲವೂ ಬಂದು ಕೋಣೆಯಲ್ಲಿ ಸಾಲಾಗಿ ನಿಂತಿವೆಯೆಂದೂ, ಮಳೆಗಾಲಕ್ಕೆ ಶಾಲೆ ತೆರೆಯುವುದರೊಳಗೆ ಅವನ್ನು ಚಾಲೂ ಮಾಡಬೇಕೆಂದು ಆಡಳಿತ ಮಂಡಳಿ ನಿನಗೆ ಹೇಳಿದೆಯೆಂದೂ ತಿಳಿಯಿತು. ಗೋಡೆಗೆ ಯಾವ ಯಾವ ಎಚ್ಚರಿಕೆಯ ಬೋರ್ಡು ಬರೆಸಬೇಕೆಂದು ಕೇಳಿದ್ದೀಯ. ಬೋರ್ಡಿನ ವಿಚಾರ ಕಡೆಗಿರಲಿ. ಅದಕ್ಕೆ ಮೊದಲು ತೀರ್ಮಾನವಾಗಬೇಕಾದ ಸಂಗತಿಗಳು ಬಹಳ ಇವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಸ್ವಿಚ್ ಹಾಕುವ ಮೊದಲೇ ತೀರ್ಮಾನವಾಗಬೇಕಾದವು.

ಹೊಸ ಶಿಕ್ಷಣ ನೀತಿ 2020ರಲ್ಲಿ ಬಂದ ಮೇಲೆ ಆರನೇ ತರಗತಿಯಿಂದಲೇ ಮಕ್ಕಳಿಗೆ ಬಡಗಿಕೆಲಸದಂತಹ ಕಸುಬುಗಳ ಪರಿಚಯವಾಗಬೇಕೆಂಬ ಉತ್ಸಾಹ ಎಲ್ಲೆಡೆ ಕಾಣುತ್ತಿದೆ. ಅದು ನನಗೂ ಸಂತೋಷದ ವಿಷಯ. ಐಟಿಐಯಲ್ಲಿ ಬಡಗಿ ವಿಭಾಗದಲ್ಲಿ ಪಾಠ ಮಾಡಿದವನಿಗೆ ಇದಕ್ಕಿಂತ ಬೇರೆ ಏನು ಬೇಕು? ಆದರೆ ನನ್ನ ಕೈಕೆಳಗೆ ಕಲಿತವರು ಎಸ್ಸೆಸ್ಸೆಲ್ಸಿ ಮುಗಿಸಿ, ಇದೇ ಕಸುಬು ಬೇಕೆಂದು ಬಂದ ಹುಡುಗರು. ನಿನ್ನ ಮುಂದೆ ನಿಲ್ಲುವವರು ಹನ್ನೆರಡು, ಹದಿಮೂರರ ಮಕ್ಕಳು. ಅಷ್ಟು ವಯಸ್ಸಿನ ಮಗು ಕೆಲಸದ ನಡುವೆ ಒಮ್ಮೆಯಾದರೂ ಗೆಳೆಯನ ಕಡೆಗೆ ತಿರುಗಿ ನೋಡಿಯೇ ನೋಡುತ್ತದೆ. ಅದು ಆ ಮಗುವಿನ ತಪ್ಪಲ್ಲ. ಹಾಗೆ ತಿರುಗಿದ ಗಳಿಗೆಯಲ್ಲಿಯೂ ಅದರ ಬೆರಳು ಸುರಕ್ಷಿತವಾಗಿ ಉಳಿಯುವಂತೆ ಕೋಣೆಯನ್ನು ಏರ್ಪಡಿಸುವುದು ನಿನ್ನ ಕೆಲಸ. ‘ಜಾಗ್ರತೆಯಿಂದ ಕೆಲಸ ಮಾಡಿ’ ಎಂಬ ಮಾತನ್ನು ನಂಬಿ ಯಾವ ಯಂತ್ರವನ್ನೂ ಮಕ್ಕಳ ಕೈಗೆ ಕೊಡಬೇಡ.

2025ರ ನವೆಂಬರಿನ ತನಕ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯ 23ನೆಯ ಕಲಮು ಹದಿನೆಂಟು ತುಂಬದವರನ್ನು ಅಪಾಯಕಾರಿ ಯಂತ್ರದ ಮುಂದೆ ನಿಲ್ಲಿಸುವ ಮೊದಲು ಅದರ ಅಪಾಯಗಳನ್ನು ಪೂರ್ಣವಾಗಿ ತಿಳಿಸಿರಬೇಕೆಂದೂ, ಸಾಕಷ್ಟು ತರಬೇತಿಯಾಗಿರಬೇಕು ಅಥವಾ ಬಲ್ಲವರೊಬ್ಬರ ಮೇಲ್ವಿಚಾರಣೆ ಇರಬೇಕೆಂದೂ ಹೇಳುತ್ತಿತ್ತು. ಶಾಲೆ ಕಾರ್ಖಾನೆಯಲ್ಲ ಎಂದು ಯಾರಾದರೂ ನಿನಗೆ ಹೇಳಿಯಾರು. ಸಂಬಳಕ್ಕೆ ದುಡಿಯುವ ಹುಡುಗನಿಗೇ ಇಷ್ಟು ರಕ್ಷಣೆ ಬೇಕಾದರೆ, ತಂದೆತಾಯಿ ನಂಬಿ ಕಳುಹಿಸಿದ ಮಗುವಿಗೆ ಅದಕ್ಕಿಂತ ಕಡಿಮೆ ಸಾಕೇ ಎಂದು ಅವರನ್ನು ನೀನು ಕೇಳಬಹುದು.

ಈಗ ಟೇಬಲ್ ಸಾ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನನ್ನ ಮುಖ್ಯವಾದ ಆತಂಕ ಇರುವುದು ಅದರ ಮೇಲೆಯೇ. ಮೋಟರಿಗೆ ನೇರವಾಗಿ ಜೋಡಿಸಿದ 250 ಮಿ.ಮೀ. ವ್ಯಾಸದ ಅಲಗು ನಿಮಿಷಕ್ಕೆ ಸುಮಾರು 2880 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 48 ಸುತ್ತು. ಅದರ ಹಲ್ಲಿನ ತುದಿ ಗಂಟೆಗೆ 135 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ನೋವು ತಿಳಿದು ಮನುಷ್ಯ ಕೈ ಹಿಂದಕ್ಕೆಳೆಯಲು ಕಾಲು ಸೆಕೆಂಡು ಹಿಡಿದರೆ, ಅಷ್ಟರಲ್ಲಿ 40 ಹಲ್ಲಿನ ಅಲಗಿನ 480 ಹಲ್ಲುಗಳು ಆ ಜಾಗವನ್ನು ದಾಟಿ ಹೋಗಿರುತ್ತವೆ. ಈ ಲೆಕ್ಕವನ್ನು ಆಡಳಿತ ಮಂಡಳಿಯ ಮುಂದೆ ಹಾಗೆಯೇ ಇಡು.

ಬೆರಳು ತಾಗುವುದಕ್ಕಿಂತ ಹೆಚ್ಚಾಗಿ ಜನರಿಗೆ ಗೊತ್ತಿಲ್ಲದ ಅಪಾಯ ಕಿಕ್‌ಬ್ಯಾಕ್. ಅಲಗಿನ ಮುಂಭಾಗದ ಹಲ್ಲುಗಳು ಮರವನ್ನು ಮೇಜಿನ ಕಡೆಗೆ ಒತ್ತುತ್ತವೆ, ಹಿಂಭಾಗದ ಹಲ್ಲುಗಳು ಮೇಲಕ್ಕೆ ಏಳುತ್ತಿರುತ್ತವೆ. ಸೀಳಿದ ಮರ ಹಿಂದುಗಡೆ ಮತ್ತೆ ಕೂಡಿಕೊಂಡು ಅಲಗನ್ನು ಕಚ್ಚಿದರೆ, ಆ ಹಿಂದಿನ ಹಲ್ಲುಗಳು ಇಡೀ ತುಂಡನ್ನು ಎತ್ತಿ, ತಳ್ಳುತ್ತಿದ್ದವನ ಹೊಟ್ಟೆಗೋ ಮುಖಕ್ಕೋ ಎಸೆಯುತ್ತವೆ. ಮರ ಹಾಗೆ ಹಾರಿಹೋದಾಗ ಅದನ್ನು ಒತ್ತಿ ಹಿಡಿದಿದ್ದ ಕೈ ಆಧಾರ ತಪ್ಪಿ ಅಲಗಿನ ಮೇಲೆ ಬೀಳುತ್ತದೆ. ನಮ್ಮ ಕರಾವಳಿಯಲ್ಲಿ ಇದು ಇನ್ನಷ್ಟು ಸುಲಭವಾಗಿ ಆಗುತ್ತದೆ. ಶಾಲೆಗೆ ಅಗ್ಗವಾಗಿ ಸಿಗುವುದು ಹೆಚ್ಚಾಗಿ ಅಕೇಶಿಯಾ. ಸರಿಯಾಗಿ ಒಣಗದ ಅಕೇಶಿಯಾದ ಒಳಗೆ ಬಿಗಿತ ಇರುತ್ತದೆ, ಸೀಳುತ್ತಿದ್ದಂತೆಯೇ ಎರಡು ಹೋಳು ಒಳಕ್ಕೆ ಬಾಗುತ್ತವೆ. ಆಷಾಢದ ಮಳೆಯಲ್ಲಿ ಜಗಲಿಯಲ್ಲಿ ಇಟ್ಟ ಹಲಗೆಯಂತೂ ಹೇಳುವುದೇ ಬೇಡ.

ಇದನ್ನು ತಡೆಯಲು ಅಲಗಿನ ಹಿಂದೆ ನಿಲ್ಲುವ ಉಕ್ಕಿನ ತೆಳುವಾದ ತಟ್ಟೆಯೇ ರೈವಿಂಗ್ ನೈಫ್. ನೀನು ಕಳುಹಿಸಿದ ಫೋಟೊದಲ್ಲಿ ಅದು ಕಾಣುತ್ತಿಲ್ಲ. ಅಲಗಿನ ಮೇಲಿನ ಮುಚ್ಚಳವೂ ಇಲ್ಲ, ಅದನ್ನು ಕೂರಿಸುವ ಎರಡು ಬೋಲ್ಟಿನ ತೂತು ಮಾತ್ರ ಉಳಿದಿದೆ, ಅದರಲ್ಲಿ ಮರದ ಹುಡಿ ಗಟ್ಟಿಯಾಗಿ ಕೂತಿದೆ. ಅಂದರೆ ಆ ಮುಚ್ಚಳವನ್ನು ಬಿಚ್ಚಿ ಬಹಳ ವರ್ಷಗಳಾಗಿವೆ. ಇಂತಹದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಗಾರ್ಡ್ ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ, ಕೇಳಿದರೆ ಕೆಲಸಕ್ಕೆ ಅಡ್ಡ ಬರುತ್ತದೆ ಎನ್ನುತ್ತಾರೆ. ಅಡ್ಡ ಬರುವುದಕ್ಕಾಗಿಯೇ ಅದನ್ನು ಮಾಡಿರುವುದು.

ಆ ತಟ್ಟೆಯ ದಪ್ಪ ಅಲಗಿನ ಮೈಗಿಂತ ಹೆಚ್ಚು, ಹಲ್ಲು ಕೊರೆಯುವ ಸೀಳಿಗಿಂತ ಕಡಿಮೆ ಇರಬೇಕು. ಅಲಗಿನ ಮೈ 1.8 ಮಿ.ಮೀ., ಸೀಳು 2.8 ಮಿ.ಮೀ. ಇದ್ದರೆ ತಟ್ಟೆ 2.3 ಮಿ.ಮೀ. ಆಸುಪಾಸಿನಲ್ಲಿ ಸರಿಹೋಗುತ್ತದೆ. ಮೇಜಿನ ಮಟ್ಟದಲ್ಲಿ ಹಲ್ಲಿಗೂ ಅದಕ್ಕೂ ನಡುವಿನ ಅಂತರ 8 ಮಿ.ಮೀ. ಮೀರಬಾರದು. ಅಂದಾಜಿನ ಮೇಲೆ ಬಿಡದೆ ವರ್ನಿಯರ್ ಇಟ್ಟು ಅಳೆ. ಇಷ್ಟೆಲ್ಲ ಆದ ಮೇಲೆಯೂ, ಮಗೂ, ಟೇಬಲ್ ಸಾ ಮಕ್ಕಳ ಕೈಗೆ ಬೇಡ ಎಂಬುದೇ ನನ್ನ ಖಚಿತವಾದ ಅಭಿಪ್ರಾಯ. ಪ್ಲೇನರ್ ಸಹ ಬೇಡ. ಇವೆರಡನ್ನೂ ಪ್ರತ್ಯೇಕ ಕೋಣೆಯಲ್ಲಿಟ್ಟು ಬೀಗ ಹಾಕು. ತರಗತಿಗೆ ಬೇಕಾದ ಹಲಗೆ, ಪಟ್ಟಿಗಳನ್ನು ಮಕ್ಕಳಿಲ್ಲದ ಹೊತ್ತಿನಲ್ಲಿ ನೀನೇ ಸೀಳಿ, ಕೀಸಿ ಸಿದ್ಧಮಾಡಿಡು. ಹಾಗೆ ಸೀಳುವಾಗಲೂ ಅಲಗಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲು. ಕೊನೆಯ 300 ಮಿ.ಮೀ.ಯನ್ನು ಕೈಯಿಂದ ತಳ್ಳದೆ, ಕಡಿಮೆಯೆಂದರೆ 450 ಮಿ.ಮೀ. ಉದ್ದದ ತಳ್ಳುಕೋಲಿನಿಂದ ತಳ್ಳು. ಸೀಳಿದ್ದನ್ನು ಆಚೆ ಬದಿಯಿಂದ ಹಿಡಿದೆಳೆಯಲು ಒಬ್ಬ ಹುಡುಗನನ್ನು ನಿಲ್ಲಿಸಿಕೊಳ್ಳುವ ರೂಢಿ ನಮ್ಮ ಕಡೆ ಇದೆ, ಅದನ್ನು ನಿನ್ನ ಶಾಲೆಯಲ್ಲಿ ಆರಂಭಿಸಲೇ ಬೇಡ.

ಪ್ಲೇನರಿನಲ್ಲಿ ಅಲಗು ಕೂರಿಸಿದ, ತಿರುಗುವ ಕಟ್ಟರ್ ಬ್ಲಾಕ್ ದುಂಡಗಿದೆಯೋ ಚೌಕಾಕಾರವಾಗಿದೆಯೋ ನೋಡು. ಚೌಕ ಬ್ಲಾಕ್ ತಿರುಗುವಾಗ ಅದಕ್ಕೂ ಮೇಜಿನ ಅಂಚಿಗೂ ನಡುವೆ ಬೆರಳು ಎಳೆದುಕೊಳ್ಳುವಷ್ಟು ಸಂದು ಬೀಳುತ್ತದೆ. ಹಾಗಿದ್ದರೆ ಆ ಯಂತ್ರವನ್ನು ರಿಪೇರಿ ಮಾಡಿಸುವ ಗೋಜಿಗೆ ಹೋಗದೆ ಗುಜರಿಗೆ ಹಾಕಿಸು. ದಾನ ಕೊಟ್ಟವರಿಗೆ ಬೇಸರವಾಗಬಹುದೆಂದು ಮಂಡಳಿಯವರು ಹಿಂಜರಿದರೆ, ನಾನೇ ಬಂದು ಅವರೊಡನೆ ಮಾತನಾಡುತ್ತೇನೆ.

ಇನ್ನು ಕರೆಂಟಿನ ಸಂಗತಿ. ಮಳೆಗಾಲದಲ್ಲಿ ಮೆಸ್ಕಾಂ ಲೈನಿನ ಮೇಲೆ ತೆಂಗಿನ ಗರಿ ಬಿದ್ದು ಕರೆಂಟು ಹೋಗುವುದು, ಬರುವುದು ನಮಗೆ ದಿನನಿತ್ಯದ ಮಾತು. ಹಳೆಯ ಯಂತ್ರಗಳಿಗೆ ಬರೇ ಮೈನ್ ಸ್ವಿಚ್ ಕೊಟ್ಟಿದ್ದರೆ, ಕರೆಂಟು ಹೋದಾಗ ನಿಂತ ಯಂತ್ರ ಅದು ಮರಳಿ ಬಂದಾಗ ತಾನಾಗಿಯೇ ತಿರುಗತೊಡಗುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಅದರೊಳಗೆ ಸಿಕ್ಕಿಕೊಂಡ ಚೂರನ್ನು ಬೆರಳಿನಿಂದ ತೆಗೆಯುತ್ತಿದ್ದರೆ ಏನಾಗುತ್ತದೆಂದು ನಾನು ಬಿಡಿಸಿ ಬರೆಯಬೇಕಾಗಿಲ್ಲ. ಪ್ರತಿಯೊಂದು ಯಂತ್ರಕ್ಕೂ ಕಾಂಟ್ಯಾಕ್ಟರ್ (ಕರೆಂಟಿನ ಬಲದಿಂದಲೇ ಹಿಡಿದು ನಿಲ್ಲುವ ಸ್ವಿಚ್) ಇರುವ ಸ್ಟಾರ್ಟರ್ ಹಾಕಿಸು. ಕರೆಂಟು ಹೋದೊಡನೆ ಅದರ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಗುಂಡಿ ಒತ್ತದೆ ಯಂತ್ರ ಹೊರಡುವುದಿಲ್ಲ. ಲೈನ್ ರಿಪೇರಿಯ ನಂತರ ತ್ರೀ ಫೇಸಿನ ಎರಡು ತಂತಿ ಅದಲುಬದಲಾದರೆ ಮೋಟರು ಹಿಮ್ಮುಖವಾಗಿ ತಿರುಗುತ್ತದೆ. ಆದುದರಿಂದ ದೊಡ್ಡ ಗಾಳಿಮಳೆಯ ಮರುದಿನ ಮಕ್ಕಳು ಬರುವ ಮುನ್ನ ಪ್ರತಿಯೊಂದನ್ನೂ ಕ್ಷಣಮಾತ್ರ ಓಡಿಸಿ ದಿಕ್ಕು ನೋಡಿಕೋ. ಅರ್ಥಿಂಗ್ ಪರೀಕ್ಷೆ ಮಾಡಿಸು, ಕೈಯಲ್ಲಿ ಹಿಡಿಯುವ ಡ್ರಿಲ್, ಸ್ಯಾಂಡರ್‌ಗಳ ಪ್ಲಗ್ಗುಗಳಿಗೆ ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ. ಇಡೀ ಕೋಣೆಯ ಕರೆಂಟನ್ನು ಕಡಿಯುವ ಐಸೋಲೇಟರಿಗೆ ಬೀಗದ ವ್ಯವಸ್ಥೆ ಇರಲಿ, ಅದರ ಕೀಲಿಕೈ ನಿನ್ನ ಜೇಬಿನಲ್ಲಿರಲಿ. ಆಫೀಸಿನ ಕೀಲಿಗೊಂಚಲಿಗೆ ಅದನ್ನು ಸೇರಿಸಲು ಒಪ್ಪಬೇಡ. ನೀನು ರಜೆಯಲ್ಲಿರುವ ದಿನ ಬದಲಿಗೆ ಬಂದ ಮೇಷ್ಟ್ರು ಮಕ್ಕಳನ್ನು ಸುಮ್ಮನಿರಿಸಲು ವರ್ಕ್‌ಶಾಪಿನ ಬಾಗಿಲು ತೆರೆದರೆ, ನೀನು ಮಾಡಿದ ಏರ್ಪಾಡೆಲ್ಲ ವ್ಯರ್ಥವಾಗುತ್ತದೆ.

ಆಯುಧಪೂಜೆಯ ದಿನವನ್ನೂ ಈಗಲೇ ನೆನಪಿಸುತ್ತೇನೆ. ಯಂತ್ರಗಳಿಗೆ ಸೇವಂತಿಗೆ ಮಾಲೆ ಹಾಕಿ, ಮಂಗಳಾರತಿಯಾದ ಮೇಲೆ ಯಾರೋ ಹಿರಿಯರು ‘ಒಮ್ಮೆ ಸ್ಟಾರ್ಟ್ ಮಾಡು’ ಎನ್ನುತ್ತಾರೆ. ಸುತ್ತಲೂ ಮಕ್ಕಳು ನಿಂತಿರುತ್ತಾರೆ, ಮಾಲೆಯ ನೂಲು ಶಾಫ್ಟಿನ ಪಕ್ಕದಲ್ಲೇ ಇರುತ್ತದೆ. ಪೂಜೆಗೆ ಮೊದಲೇ ಐಸೋಲೇಟರಿಗೆ ಬೀಗ ಹಾಕಿಬಿಡು, ಪೂಜೆ ಶ್ರದ್ಧೆಯಿಂದ ನಡೆಯಲಿ.

ಮಕ್ಕಳಿಗೆ ಏನು ಕೊಡಬಹುದು ಎಂದು ನೀನು ಕೇಳುವುದು ನ್ಯಾಯ. ಮೊದಲ ಅವಧಿಯಿಡೀ ಕೈಗರಗಸ, ಉಳಿ, ಕೀಸುಳಿಗಳಲ್ಲೇ ಕೆಲಸ ಮಾಡಿಸು. ನಾರು ಯಾವ ಕಡೆಗೆ ಓಡುತ್ತದೆ, ಗಂಟು ಎಲ್ಲಿ ಎದುರಾಗುತ್ತದೆ ಎಂಬುದನ್ನು ಕೈಯಿಂದ ತಿಳಿಯದವನು ಯಂತ್ರದಲ್ಲಿ ಅದನ್ನು ತಿಳಿಯುವುದಿಲ್ಲ. ಡ್ರಿಲ್ಲಿಂಗ್ ಮಷಿನ್ ಕೊಡಬಹುದು, ತುಂಡನ್ನು ವೈಸಿನಲ್ಲೋ ಕ್ಲ್ಯಾಂಪಿನಲ್ಲೋ ಬಿಗಿದ ಮೇಲೆ ಮಾತ್ರ. ಎಂಟನೆಯ ತರಗತಿಯ ಮೇಲಿನವರಿಗೆ ಲೇತನ್ನು ಒಬ್ಬೊಬ್ಬರಿಗೇ, ನೀನು ಪಕ್ಕದಲ್ಲಿ ನಿಂತು ಕಲಿಸಬಹುದು. ಬಿರುಕು ಬಿಟ್ಟ ತುಂಡನ್ನು ಲೇತಿಗೆ ಏರಿಸಬೇಡ, ಸ್ವಿಚ್ ಹಾಕುವ ಮೊದಲು ಒಂದು ಸುತ್ತು ಕೈಯಿಂದ ತಿರುಗಿಸಿ, ಉಳಿ ಊರುವ ಟೂಲ್ ರೆಸ್ಟಿಗೆ ತಾಗುವುದಿಲ್ಲವೆಂದು ನೋಡಿಸು, ಉಪ್ಪುಕಾಗದ ಹಿಡಿಯುವಾಗ ಟೂಲ್ ರೆಸ್ಟನ್ನು ತೆಗೆದೇ ಬಿಡು. ಬ್ಯಾಂಡ್ ಸಾ ಈ ವರ್ಷ ನಿನ್ನ ಕೈಯಲ್ಲೇ ಇರಲಿ. ಅದರ ಮೇಲಿನ ಗೈಡನ್ನು ಮರದ ಹತ್ತಿರಕ್ಕೆ ಇಳಿಸದೆ ಕೊಯ್ಯಬೇಡ, ದುಂಡನೆಯ ಕೊಂಬೆಯನ್ನು ಹಾಗೆಯೇ ಕೈಯಲ್ಲಿ ಹಿಡಿದು ಒಡ್ಡಬೇಡ, ಅಲಗು ಅದನ್ನು ಗಕ್ಕನೆ ಉರುಳಿಸಿಬಿಡುತ್ತದೆ.

ತಿರುಗುವ ಯಂತ್ರದ ಹತ್ತಿರ ಮೈಮೇಲೆ ನೇತಾಡುವುದು ಯಾವುದೂ ಇರಬಾರದು. ಟೈ, ವೇಲ್, ಜಡೆಯ ರಿಬ್ಬನ್ ಎಲ್ಲರಿಗೂ ನೆನಪಾಗುತ್ತವೆ, ಐಡಿ ಕಾರ್ಡಿನ ಟ್ಯಾಗ್ ಮರೆತುಹೋಗುತ್ತದೆ. ಬಗ್ಗಿದ ಮಗುವಿನ ಕೊರಳಿನಿಂದ ಅದು ನೇರವಾಗಿ ಡ್ರಿಲ್ಲಿನ ಬಿಟ್ ಹಿಡಿದು ತಿರುಗುವ ಚಕ್ಕಿನ ಮೇಲಕ್ಕೆ ಇಳಿಯುತ್ತದೆ, ಮತ್ತು ಅದು ಸುಲಭಕ್ಕೆ ಹರಿಯುವ ವಸ್ತುವಲ್ಲ. ಬಾಗಿಲ ಬಳಿ ಗೂಟಗಳನ್ನು ಹೊಡೆಸಿ, ಟ್ಯಾಗ್ ಅಲ್ಲಿ ತೂಗುಹಾಕಿದ ಮೇಲೆಯೇ ಒಳಗೆ ಬಿಡು. ಕೈಗವಸು ರಕ್ಷಣೆಯೆಂದು ಯಾರಾದರೂ ತಂದುಕೊಟ್ಟರೆ ಲೇತ್, ಡ್ರಿಲ್‌ಗಳ ಹತ್ತಿರ ಅದನ್ನು ಬಳಸಗೊಡಬೇಡ, ಬೆರಳಿನ ಜೊತೆ ಇಡೀ ಕೈಯನ್ನೇ ಅದು ಒಳಕ್ಕೆ ಎಳೆಯುತ್ತದೆ. ಮಣಿಕಟ್ಟಿಗೆ ಕಟ್ಟಿದ ದೇವಸ್ಥಾನದ ನೂಲಿನ ವಿಷಯ ಸೂಕ್ಷ್ಮವಾದುದು. ಪೋಷಕರ ಸಭೆಯಲ್ಲಿ ಮೊದಲೇ ವಿನಯದಿಂದ ಹೇಳು. ತೆಗೆಯಲು ಮನಸ್ಸಿಲ್ಲದ ಮಗುವಿಗೆ ಅಂದು ಕೈಹತ್ಯಾರಿನ ಕೆಲಸ ಕೊಡು, ಎಲ್ಲರೆದುರು ಅದನ್ನು ಚರ್ಚೆಯ ವಸ್ತುವನ್ನಾಗಿ ಮಾಡಬೇಡ.

ಹುಡಿಯ ಬಗ್ಗೆ ನಮ್ಮವರು ತೀರಾ ಅಸಡ್ಡೆ ತೋರಿಸುತ್ತಾರೆ. ಮರದ ಹುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಷ್ಟು ಹಿಂದೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅದು ಮುಖ್ಯವಾಗಿ ಮೂಗು ಮತ್ತು ಅದರ ಸುತ್ತಣ ಕುಹರಗಳಿಗೆ ತಗಲುವ ರೋಗ, ಬಹುಕಾಲ ಹುಡಿಯಲ್ಲಿ ದುಡಿದವರಿಗೆ ಬರುವಂಥದು. ವಾರಕ್ಕೊಮ್ಮೆ ಬರುವ ಮಗುವಿಗಿಂತ ವರ್ಷವಿಡೀ ಅದೇ ಕೋಣೆಯಲ್ಲಿರುವ ನಿನಗೇ ಇದು ಹೆಚ್ಚು ಅನ್ವಯಿಸುತ್ತದೆ. ಬೀಟೆಯ ಹುಡಿಗೆ ಕೆಲವರ ಚರ್ಮ ತುರಿಸಿ ಕೆಂಪಾಗುತ್ತದೆ. ಮಳೆಗೆಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ ಹಿಡಿಸೂಡಿಯಿಂದ ಗುಡಿಸಿದರೆ ಸಣ್ಣ ಹುಡಿ ಗಾಳಿಗೆ ಏರಿ ಬಹಳ ಹೊತ್ತು ತೇಲುತ್ತಿರುತ್ತದೆ, ಕಂಪ್ರೆಸರಿನ ಗಾಳಿ ಅದಕ್ಕಿಂತಲೂ ಕೆಟ್ಟದ್ದು. ಯಂತ್ರದ ಬಾಯಿಯಲ್ಲೇ ಹುಡಿ ಹೀರುವ ಡಸ್ಟ್ ಕಲೆಕ್ಟರ್ ಇಲ್ಲದೆ ಲೇತನ್ನೂ ಸ್ಯಾಂಡರನ್ನೂ ತರಗತಿಯಲ್ಲಿ ಓಡಿಸಬೇಡ. ದಾನಿಗಳು ಇನ್ನೇನು ಕೊಡಲಿ ಎಂದು ಕೇಳಿದರೆ ಅದನ್ನೇ ಕೇಳು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ, ಹರಡಿ ಒಣಗಿಸಬೇಕು.

ಕನ್ನಡಕ, ಮಾಸ್ಕು, ಕಿವಿಯ ರಕ್ಷಕ ಎಲ್ಲವೂ ಇರಲಿ. ಆದರೆ ಅವು ಕೊನೆಯ ರಕ್ಷಣೆ. ಬೋರ್ಡು ಅದಕ್ಕೂ ಕೊನೆಯದು.

ಎಷ್ಟೇ ಮಾಡಿದರೂ ಪೆಟ್ಟಾಗುವ ದಿನಕ್ಕೆ ಸಿದ್ಧವಿರಬೇಕು. 108ಕ್ಕೆ ಕರೆ ಮಾಡುವವರು ಯಾರು, ಗೇಟಿನಲ್ಲಿ ನಿಲ್ಲುವವರು ಯಾರು ಎಂದು ಮೊದಲೇ ಹೆಸರು ಗೊತ್ತುಮಾಡಿಡು. ಬೆರಳು ತುಂಡಾದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿ. ತುಂಡನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿಡು. ನೇರವಾಗಿ ಐಸಿನ ಮೇಲೆ ಇಟ್ಟರೆ ಅದು ಕೆಟ್ಟುಹೋಗುತ್ತದೆ. ಮಣಿಪಾಲದ ಆಸ್ಪತ್ರೆ ನಿಮಗೆ ಹತ್ತಿರವಿರುವುದು ದೊಡ್ಡ ಅನುಕೂಲ. ಪೆಟ್ಟಾಗದೆ ತಪ್ಪಿಹೋದ ಘಟನೆಗಳನ್ನೂ ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡು, ಮಗುವಿಗೆ ಅದಕ್ಕಾಗಿ ಬೈಯಬೇಡ. ಬೈದರೆ ಮುಂದಿನ ಬಾರಿ ನಿನಗೆ ಸುದ್ದಿಯೇ ಬರುವುದಿಲ್ಲ.

ಮಂಡಳಿಯವರಿಗೆ ವಾರ್ಷಿಕೋತ್ಸವದಂದು ಯಂತ್ರಗಳನ್ನು ಓಡಿಸಿ ತೋರಿಸುವ ಆಸೆಯಿದೆಯೆಂದು ಬರೆದಿದ್ದೀಯ. ಮಕ್ಕಳು ಕೈಯಾರೆ ಮಾಡಿದ ಮಣೆ, ಪುಸ್ತಕದ ಸ್ಟ್ಯಾಂಡುಗಳನ್ನು ಪ್ರದರ್ಶನಕ್ಕಿಡೋಣವೆಂದು ಹೇಳು. ಅವರು ಒತ್ತಾಯಿಸಿದರೆ ನಿನ್ನ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಕೊಟ್ಟು, ಪ್ರತಿಗೆ ಸಹಿ ಹಾಕಿಸಿಕೋ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೇಡವೆನ್ನುವುದು ಕಷ್ಟವೆಂದು ನನಗೆ ಗೊತ್ತು, ಆದರೂ ಇದೊಂದನ್ನು ನೀನು ಹೇಳಲೇಬೇಕು.

ಟೇಬಲ್ ಸಾದ ಅಲಗಿನ ವ್ಯಾಸ, ಮೈದಪ್ಪ, ಸೀಳಿನ ಅಗಲ ಮೂರನ್ನೂ ಅಳೆದು, ಎಲ್ಲ ಮೋಟರುಗಳ ನೇಮ್ ಪ್ಲೇಟಿನ ಫೋಟೊಗಳೊಂದಿಗೆ ನನಗೆ ಕಳುಹಿಸು. ರೈವಿಂಗ್ ನೈಫನ್ನೂ ಮುಚ್ಚಳವನ್ನೂ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಪರಿಚಯದವರ ಬಳಿ ಮಾಡಿಸಿ ನಾನೇ ತರುತ್ತೇನೆ. ಅದು ಬರುವ ತನಕ ಎಲೆಕ್ಟ್ರಿಷಿಯನ್ನನಿಗೆ ಆ ಯಂತ್ರದ ವೈರು ಜೋಡಿಸಲು ಬಿಡಬೇಡ. ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರಗಳನ್ನು ತಿಳಿಸು.

ಇತಿ,
ನಿನ್ನ ಸೋದರಮಾವ