ಭರಣಿ ಬಂತು ಅಂದೆಯಲ್ಲ, ಅದಕ್ಕೆ ಉತ್ತರ

ಮಾರಾಯ,

ಮೊನ್ನೆ ನೀನು ಕಳಿಸಿದ್ದು ಮೂರೇ ಪದ: "ಭರಣಿ ಬಂತು ಕಣೋ." ನಾನು ಹೆಬ್ಬೆಟ್ಟು ಒತ್ತಿ ಸುಮ್ಮನಾದೆ. ಇಷ್ಟೆಲ್ಲ ಓದಿ ಜಪಾನಿಗೆ ಬಂದು ಕೊನೆಗೂ ಹೆಬ್ಬೆಟ್ಟೇ ಆದೆ ನೋಡು. ಈ ಪತ್ರ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿರುವುದಕ್ಕೆ ಕಾರಣ ಇದೆ. ನಿನಗೊಬ್ಬನಿಗೇ ಕಳಿಸಿದರೆ ನೀನೂ ಅದನ್ನೇ ಒತ್ತುತ್ತೀಯ.

ನೀನು ಜಪಾನಿಗೆ ಬರುವುದಾದರೆ ಮೃಗಶಿರಾ ಮಳೆ ಹಿಡಿಯುವ ಮೊದಲು ತಿರುಗಿ ಊರು ಸೇರಬೇಕು ಅಂತ ನಿನ್ನ ಷರತ್ತು. ಮೃಗಶಿರಾ ಹುಟ್ಟುವುದು ಜೂನ್ 7–8ಕ್ಕೆ. ಟೋಕಿಯೋ ಸುತ್ತಿನ ಸೀಮೆಗೆ ಇಲ್ಲಿಯ ಮಳೆಗಾಲ 'ತ್ಸುಯು' ಕಾಲಿಡುವ ಸರಾಸರಿ ದಿನವೂ ಜೂನ್ 7! ಹಾಗಂತ ಸರಾಸರಿ ನಂಬಿ ಕೂರುವ ಹಾಗಿಲ್ಲ, 2024ರಲ್ಲಿ ಅದು ಬಂದದ್ದು 21ಕ್ಕೆ. ಇಲ್ಲಿಯ ಹವಾಮಾನ ಇಲಾಖೆ 'ಶುರುವಾದ ಹಾಗಿದೆ' ಅಂತಷ್ಟೇ ಹೇಳುತ್ತದೆ, ಸೆಪ್ಟೆಂಬರಿನಲ್ಲಿ ಕೂತು ಮತ್ತೆ ಲೆಕ್ಕ ಹಾಕಿ ದಿನಾಂಕ ತಿದ್ದುವುದೂ ಉಂಟು. ಅಪ್ಪಯ್ಯನ ಪಂಚಾಂಗ ಇಷ್ಟೆಲ್ಲ ಹಿಂಜರಿಯುತ್ತಿರಲಿಲ್ಲ.

ಹಾಗಾಗಿ ಮೇ 25ಕ್ಕೆ ಬಂದು ಜೂನ್ 4ಕ್ಕೆ ಹೊರಡು. ಏಪ್ರಿಲ್ 29ರಿಂದ ಮೇ 5ರವರೆಗಿನ ಸಾಲು ರಜೆಯಲ್ಲಿ ಇಡೀ ದೇಶ ರೈಲಿನಲ್ಲಿರುತ್ತದೆ. ಅದು ಕಳೆದು ಮಳೆ ಹಿಡಿಯುವವರೆಗಿನ ಈ ಒಂದು ತಿಂಗಳು ಜಾತ್ರೆ ಮುಗಿದ ಮಾರನೇ ದಿನದ ಪೇಟೆಯಿದ್ದ ಹಾಗೆ. ಚೆರ್ರಿ ಹೂವು ಸಿಗುವುದಿಲ್ಲ. ಸಿಗದಿದ್ದರೆ ನಷ್ಟವೂ ಇಲ್ಲ, ಆಗ ಹೂವಿಗಿಂತ ಎತ್ತಿ ಹಿಡಿದ ಫೋನುಗಳೇ ಹೆಚ್ಚು ಕಾಣುತ್ತವೆ. ಟೋಕಿಯೋ ಹತ್ತಿರದ ಕಾಮಾಕುರಾದ ನೀಲಿ ಹೈಡ್ರೇಂಜಿಯಾ ಹೂವು ಪೂರ್ತಿ ಅರಳುವುದು ಜೂನ್ ನಡುವಿಗೆ, ಅದೂ ನಿನಗಿಲ್ಲ.

ರೈಲಿನ ವಿಚಾರ. ಪರದೇಶದವರ ಏಳು ದಿನದ ಪಾಸ್ ಕೊಳ್ಳಬೇಡ. 2023ರ ಅಕ್ಟೋಬರಿನಲ್ಲಿ ಅದರ ಬೆಲೆ 29,650 ಯೆನ್‌ನಿಂದ 50,000ಕ್ಕೆ ಹಾರಿತು. ಟೋಕಿಯೋ–ಕ್ಯೋಟೋ ಬುಲೆಟ್ ರೈಲಿಗೆ ಒಂದು ಕಡೆಗೆ ಸುಮಾರು 14,000, ಹೋಗಿ ಬಂದರೂ 28,000. ನಿಲ್ದಾಣದಲ್ಲಿ ಸೀಟು ಕಾದಿರಿಸಲು ತೆರೆಯುವುದು ಒಂದು ತಿಂಗಳು ಮೊದಲು, ಬೆಳಿಗ್ಗೆ 10 ಗಂಟೆಗೆ. ಕ್ಯೋಟೋ ಕಡೆ ಹೋಗುವಾಗ 'ಇ' ಸೀಟು ಹಿಡಿ, ಫ್ಯೂಜಿ ಬಲಕ್ಕೆ ಬರುತ್ತದೆ. ಬೆಳಗಿನ ರೈಲೇ ಇರಲಿ, ಹೊತ್ತೇರಿದ ಹಾಗೆ ಬೆಟ್ಟ ಮೋಡದ ಕಂಬಳಿ ಹೊದ್ದುಬಿಡುತ್ತದೆ.

ಊಟದಲ್ಲಿ ನೀನು ಸಿಕ್ಕಿಬೀಳುವುದು ಮಾಂಸಕ್ಕಲ್ಲ, ಸಾರಿಗೆ. 'ದಾಶಿ' ಅಂತ ಒಂದು ತಿಳಿ, ಬಹುಪಾಲು ಒಣಮೀನಿನ ಹೆರೆಯಿಂದ ಬಸಿದದ್ದು. ಮಿಸೋ ಸೂಪಿನಲ್ಲಿ, ನೂಡಲ್ಸ್ ಅದ್ದುವ ರಸದಲ್ಲಿ, ಬರೀ ತರಕಾರಿ ಬೇಯಿಸಿದ್ದರಲ್ಲೂ ಅದು ಇರುತ್ತದೆ. 'ಮೀನಿಲ್ಲ' ಅಂದರೆ ತಟ್ಟೆಯಲ್ಲಿ ತುಂಡು ಇಲ್ಲ ಅಂತಷ್ಟೇ ಅರ್ಥ. ಕೊಂಬು ಎನ್ನುವ ಕಡಲಪಾಚಿಯ ದಾಶಿಯೇ ಅಂತ ಕೇಳಿ ತಿಳಿದುಕೋ. ಇಲ್ಲವಾದರೆ ದೇಗುಲದ ಸನ್ಯಾಸಿಗಳ ಅಡುಗೆ, ಶೋಜಿನ್ ರ್ಯೋರಿ. ಕ್ಯೋಟೋದ ತೆನ್ರ್ಯೂಜಿ ದೇಗುಲದ ಆವರಣದಲ್ಲೇ ಬಡಿಸುತ್ತಾರೆ, ಮೊದಲೇ ಹೇಳಿಡುವುದು ಒಳ್ಳೆಯದು.

ಚಹಾದ ಊರು ಊಜಿಗೆ ಮಾತ್ರ ಪುರಸೊತ್ತಿನಲ್ಲಿ ಹೋಗೋಣ, ಕ್ಯೋಟೋದಿಂದ ಅರ್ಧ ಗಂಟೆಯೂ ಇಲ್ಲ. ಫೆಬ್ರವರಿ 4ರ ಹೊತ್ತಿಗೆ ಇವರ ಲೆಕ್ಕದಲ್ಲಿ ವಸಂತ ಹುಟ್ಟುತ್ತದೆ. ಅಲ್ಲಿಂದ ಎಣಿಸಿ 88ನೇ ದಿನ, ಅಂದರೆ ಮೇ 1 ಅಥವಾ 2, ಹಿಮ ಬಿದ್ದು ಚಿಗುರು ಸುಡುವ ಭಯ ಮುಗಿಯಿತು ಅಂತ. ಅದಕ್ಕಿಂತ ಮೊದಲಿನ ರಾತ್ರಿಗಳಿಗೆ ಚಹಾ ತೋಟದಲ್ಲಿ ಕಂಬದ ತುದಿಗೆ ಫ್ಯಾನು ಹಾಕಿರುತ್ತಾರೆ. ಸೆಕೆಗಲ್ಲ. ತಣ್ಣನೆ ಗಾಳಿ ನೆಲಕ್ಕೆ ಕೂರುತ್ತದೆ, ಕೆಲವು ಮೀಟರ್ ಮೇಲಿನದು ಬೆಚ್ಚಗಿರುತ್ತದೆ, ಫ್ಯಾನು ಅದನ್ನು ಕೆಳಗೆ ತಳ್ಳುತ್ತದೆ. ನೀನು ಬರುವ ಹೊತ್ತಿಗೆ ಹೊಸ ಚಹಾ ಅಂಗಡಿಯಲ್ಲಿರುತ್ತದೆ.

ಅದನ್ನು ನಿನ್ನ ಕಷಾಯದ ಹಾಗೆ ಕುದಿಸಿದರೆ ನಾನು ಎದ್ದು ಹೋಗುತ್ತೇನೆ. ಇಬ್ಬರಿಗೆ 5 ಗ್ರಾಂ ಸೊಪ್ಪು, 160 ಮಿ.ಲೀ. ನೀರು, 70 ಡಿಗ್ರಿ, ಒಂದು ನಿಮಿಷ. ಥರ್ಮಾಮೀಟರ್ ಬೇಡ, ಕುದಿದ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಗ್ಗಿಸಿದ ಸಲಕ್ಕೆಲ್ಲ ಸುಮಾರು 10 ಡಿಗ್ರಿ ಇಳಿಯುತ್ತದೆ. ಮೂರು ಸಲ ಬಗ್ಗಿಸು. ಚೊಗರು ಬಿಡುವುದು ಬಿಸಿ ನೀರಿಗೆ, ಸಿಹಿ ಮಾತ್ರ ಆರಿದ ನೀರಿಗೂ ಇಳಿಯುತ್ತದೆ, ಗುಟ್ಟು ಅಷ್ಟೇ. ಚಹಾದ ಪಾತ್ರೆಯನ್ನು ಅಲ್ಲಾಡಿಸಬಾರದು. ಒಂದು ಲೋಟ ತುಂಬಿಸಿ ಇನ್ನೊಂದಕ್ಕೆ ಹೋಗಬಾರದು, ಇದಕ್ಕಿಷ್ಟು ಅದಕ್ಕಿಷ್ಟು ಅಂತ ಸುರಿದರೆ ಇಬ್ಬರದೂ ಒಂದೇ ಹದ. ಕೊನೆಯ ಹನಿಯವರೆಗೂ ಬಸಿ, ತಳದಲ್ಲಿ ನೀರು ನಿಂತರೆ ಎರಡನೇ ಸುತ್ತು ಕಹಿ. ಎರಡನೆಯದಕ್ಕೆ ನೀರು ಇನ್ನಷ್ಟು ಬಿಸಿ, ಹತ್ತು–ಹದಿನೈದು ಸೆಕೆಂಡ್ ಸಾಕು. ಉಳಿದ ಸೊಪ್ಪಿಗೆ ಒಂದೆರಡು ಹನಿ ಸೋಯಾ ಸಾಸ್ ಬಿಟ್ಟು ತಿನ್ನುತ್ತಾರೆ. ತಂಬುಳಿ ಮಾಡುತ್ತೇನೆ ಅನ್ನಬೇಡ. ಮೂರನೇ ಲೋಟದ ವಿಷಯ ಇಲ್ಲಿ ಬರೆಯುವುದಿಲ್ಲ, ನಿನಗೆ ಗೊತ್ತು.

ಜೂನ್ 1ರ ರಾತ್ರಿ ಕ್ಯೋಟೋದಲ್ಲಿ 'ತತ್ತ್ವಜ್ಞಾನಿಯ ಹಾದಿ' ಅನ್ನುವ ಕಾಲುವೆ ದಂಡೆ. ಮಿಂಚುಹುಳಕ್ಕೆ. ಏಳೂವರೆಯಿಂದ ಒಂಬತ್ತರ ಒಳಗೆ, ಗಾಳಿಯಿಲ್ಲದೆ ಮೈಗಂಟುವ ಸೆಕೆಯಿದ್ದರೆ ಒಳ್ಳೆಯದು, ಬೆಳದಿಂಗಳಿದ್ದರೆ ಕಡಿಮೆ. ಫೋನು ಜೇಬಿನಲ್ಲಿರಲಿ, ಬೆಳಕು ಬಿದ್ದರೆ ಹುಳ ಮಿನುಗುವುದನ್ನೇ ನಿಲ್ಲಿಸುತ್ತದೆ. ಒಂದೇ ಜಾತಿಯ ಹುಳ ಟೋಕಿಯೋ ಕಡೆ ನಾಲ್ಕು ಸೆಕೆಂಡಿಗೊಮ್ಮೆ ಮಿನುಗಿದರೆ ಕ್ಯೋಟೋ ಕಡೆ ಎರಡಕ್ಕೇ ಮಿನುಗುತ್ತದೆ. ನಮ್ಮ ಮಾತಿನ ಹಾಗೆ, ಘಟ್ಟದ ಮೇಲಿನದು ಬೇರೆ, ಕೆಳಗಿನದು ಬೇರೆ.

ಇಲ್ಲಿಯವರು ವರ್ಷವನ್ನು ಐದೈದು ದಿನದ 72 ತುಂಡು ಮಾಡಿದ್ದಾರೆ. ಚೀನಾದಿಂದ ಬಂದ ಲೆಕ್ಕವನ್ನು ಈ ನೆಲಕ್ಕೆ ಹೊಂದಿಸಿದವನು 17ನೇ ಶತಮಾನದ ಶಿಬುಕಾವಾ ಶುಂಕಾಯಿ. ಜೂನ್ 11ರ ಸುಮಾರಿನ ತುಂಡಿಗೆ 'ಕೊಳೆತ ಹುಲ್ಲು ಮಿಂಚುಹುಳವಾಗುವುದು' ಅಂತ ಹೆಸರು, ಅದರ ಮುಂದಿನದಕ್ಕೆ 'ಪ್ಲಮ್ ಕಾಯಿ ಹಳದಿಯಾಗುವುದು'. ಇದೆಲ್ಲ ನನಗೆ ಬಾಯಿಪಾಠ. ಆದರೆ ನೀನು ಭರಣಿ ಅಂದಾಗ ಅದರ ಮುಂದಿನ ಮಳೆ ಯಾವುದು ಅಂತ ಫೋನಿನಲ್ಲಿ ಹುಡುಕಿದೆ. ಕೃತ್ತಿಕೆ. ಇಪ್ಪತ್ತೇಳನ್ನೂ ಒಂದು ಕಾಲಕ್ಕೆ ನಿನಗಿಂತ ವೇಗವಾಗಿ ಒಪ್ಪಿಸುತ್ತಿದ್ದವನು ನಾನು.

ಆಮೇಲೆ ನಿನಗೆ ಬೇರೆಯಾಗಿ ಕಳಿಸಿದ ಪಟ್ಟಿಯನ್ನು ತೆಗೆದು ನೋಡಿದೆ. ಹನ್ನೊಂದು ದಿನದಲ್ಲಿ ಒಂದು ಗಂಟೆಯೂ ಖಾಲಿಯಿಲ್ಲ. ಮಳೆ ಬಂದರೆ ಏನು ಅನ್ನುವುದಕ್ಕೂ ಕಾಲಂ ಇದೆ. ನಿನ್ನ ಅನುಕೂಲಕ್ಕೆ ಮಾಡಿದ್ದೇನೆ ಅಂದುಕೊಂಡಿದ್ದೆ, ಅಲ್ಲ. ನಾವಿಬ್ಬರೇ ಒಂದು ಸಂಜೆ ಸುಮ್ಮನೆ ಕೂತರೆ ಏನು ಮಾತಾಡುವುದು ಅಂತ ಹೆದರಿಕೆ, ಅದಕ್ಕೇ ಮಿಂಚುಹುಳಗಳನ್ನು ಕರೆಸಿದ್ದೇನೆ. ಅಪ್ಪಯ್ಯ ಹೋದಾಗ ನಾನು ಕಳಿಸಿದ್ದು ಕೈಮುಗಿದ ಚಿತ್ರ. ಒಂದೇ ಒಂದು. ಅದಕ್ಕೆ ನೀನು ಏನೂ ಅನ್ನಲಿಲ್ಲ, ಇವತ್ತಿನವರೆಗೂ.

ಸರಿ, ಲಗೇಜು. ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ದಾಟಿದರೆ ಬುಲೆಟ್ ರೈಲಿನಲ್ಲಿ ಅದಕ್ಕೆಂದೇ ಇರುವ ಸೀಟು ಕಾದಿರಿಸಬೇಕು, ಇಲ್ಲದಿದ್ದರೆ 1,000 ಯೆನ್ ದಂಡ. ಕವಳದ ಸಂಚಿ ತಾ, ವೀಳ್ಯದೆಲೆ ಮಾತ್ರ ಬೇಡ. ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದ ಹಸಿ ಎಲೆ, ಹಸಿ ಹಣ್ಣು ವಿಮಾನ ನಿಲ್ದಾಣದಲ್ಲೇ ಹೋಗುತ್ತದೆ. 30ರ ಮಧ್ಯಾಹ್ನವನ್ನಾದರೂ ಖಾಲಿ ಬಿಡೋಣ ಅಂತ ನೋಡಿದೆ, ಅಲ್ಲಿ ಈಗಾಗಲೇ ತೋಫು ಕೂತಿದೆ.

ಕೊಡೆ ತರಬೇಡ. ಇಲ್ಲಿ ಮೂಲೆಯಂಗಡಿಯಲ್ಲೂ ಸಿಗುತ್ತದೆ. ಆದರೆ ಹಿಡಿಯುವವನು ನಾನು. ನಿನ್ನ ಕೈಗೆ ಕೊಡೆ ಕೊಟ್ಟರೆ ಏನಾಗುತ್ತದೆ ಅಂತ ಸಾಗರದ ಬಸ್‌ಸ್ಟ್ಯಾಂಡಿಗೆ ಇನ್ನೂ ನೆನಪಿದೆ.

ನಿನ್ನ
ಹೆಬ್ಬೆಟ್ಟು