ಬಾರ್ಸಿಲೋನಾಗೆ ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನ ಸ್ಕೆಚ್ ಪುಸ್ತಕದ ಕೊನೇ ಹಾಳೆಗಳ ಮಧ್ಯೆ ಈ ಕಾಗದ ಇಟ್ಟಿದ್ದೇನೆ. ವಿಮಾನದಲ್ಲಿ ನಿದ್ದೆ ಬರದಿದ್ದರೆ ಓದು. ಕೂತು ಮಾತಾಡೋಣ ಅಂದುಕೊಂಡಿದ್ದೆ. ಆದರೆ ನಿನ್ನೆಯಿಡೀ ಬ್ಯಾಗಿನ ತೂಕ, ಚಟ್ನಿಪುಡಿ ಡಬ್ಬಿ, ನಿನ್ನಮ್ಮನ ಗಡಿಬಿಡಿ ಇದರಲ್ಲೇ ಕಳೆದುಹೋಯಿತು.

ಮೊದಲು ದುಡ್ಡಿನ ಯೋಚನೆ ಬಿಡು. ಕಾಲೇಜಿನವರು ಪ್ರವಾಸದ ಪಟ್ಟಿ ಕಳಿಸಿದ ದಿನ ನೀನು, "ಬೇಡ ಬಿಡಪ್ಪಾ, ಫೋಟೋದಲ್ಲಿ ನೋಡಿದರಾಯ್ತು" ಅಂದೆ. ಇಪ್ಪತ್ತೆಂಟು ವರ್ಷದಿಂದ ಮನೆ ಕಟ್ಟಿಸುತ್ತಿರುವ ನನಗೆ ಆ ಮಾತು ಹಿಡಿಸಲಿಲ್ಲ. ಕಟ್ಟಡದ ಕೆಳಗೆ ನಿಲ್ಲಬೇಕು, ಗೋಡೆಗೆ ಅಂಗೈ ಇಟ್ಟು ನೋಡಬೇಕು. ನೀನು ರಜೆಗೆ ಬಂದಾಗ ಬಿಟ್ಟುಹೋದ ಪುಸ್ತಕಗಳನ್ನು ಈ ನಾಲ್ಕು ತಿಂಗಳು ರಾತ್ರಿ ಹೊತ್ತು ನಾನೂ ತಿರುವಿಹಾಕಿದೆ. ಇಂಗ್ಲಿಷು ತೊಡಕಾದ ಕಡೆ ಪ್ಲಾನು, ಸೆಕ್ಷನ್ನು ನೋಡಿ ಅರ್ಥ ಮಾಡಿಕೊಂಡೆ. ಹಾಗೆ ಓದುವಾಗ ತೋಚಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಾರಸಿಗೆ ಚೈನಾ ಮೊಸಾಯಿಕ್ ಹಾಕಿಸಿದ್ದು ನೆನಪಿದೆಯಾ? ಆಗ ನಿನಗೆ ಆರು ವರ್ಷ. ಟೈಲ್ಸ್ ಅಂಗಡಿಯಿಂದ ಒಡೆದ ಚೂರುಗಳನ್ನು ಮೂಟೆಯಲ್ಲಿ ತಂದು ಸುರಿದಿದ್ದೆವು. ನೀನು ಅದರಲ್ಲಿ ನೀಲಿ ಚೂರುಗಳನ್ನಷ್ಟೇ ಆರಿಸಿ ಲಂಗದಲ್ಲಿ ತುಂಬಿಕೊಂಡು, ಹೂವು ಮಾಡಿಕೊಡಿ ಅಂತ ಮೇಸ್ತ್ರಿಯ ಹಿಂದೆಯೇ ಓಡಾಡಿದೆ. ನೀರಿನ ಟ್ಯಾಂಕಿನ ಪಕ್ಕ ಅವನು ಕೂರಿಸಿಕೊಟ್ಟ ಐದೆಸಳಿನ ಹೂವು ಈಗಲೂ ಹಾಗೇ ಇದೆ, ಒಂದು ಚೂರೂ ಎದ್ದಿಲ್ಲ. ಪಾರ್ಕ್ ಗ್ವೆಲ್‌ನಲ್ಲಿ ಹಾವಿನಂತೆ ಬಳುಕುವ ಆ ಉದ್ದನೆಯ ಕಟ್ಟೆಯ ಮೇಲೆ ನೀನು ನೋಡಲಿರುವುದು ಇದೇ ಕೆಲಸ. ಅವರು ಅದಕ್ಕೆ ಟ್ರೆಂಕಾದಿಸ್ ಅನ್ನುತ್ತಾರೆ. ಬಳುಕುವ ಮೈಗೆ ಇಡೀ ಟೈಲು ಕೂರುವುದಿಲ್ಲ, ಒಡೆಯಲೇಬೇಕು. ಪಾರ್ಕು ವಾಸ್ತುಶಿಲ್ಪಿ ಆಂಟೊನಿ ಗೌಡಿಯದ್ದು, ಆದರೆ ಆ ಕಟ್ಟೆಯ ಚೂರುಗಳ ಬಣ್ಣದಾಟದಲ್ಲಿ ಜೋಸೆಪ್ ಮರಿಯಾ ಜುಜೋಲ್ ಎಂಬ ಕಿರಿಯ ವಾಸ್ತುಶಿಲ್ಪಿಯ ಕೈ ದೊಡ್ಡದು. ಕೂತು ಎದ್ದು ಬರಬೇಡ. ಎರಡು ಚೂರುಗಳ ನಡುವಿನ ಸಂದಿಯ ಮೇಲೆ ಬೆರಳಾಡಿಸು. ಚೂಪು ತಾಗದ ಹಾಗೆ ಹೇಗೆ ಕೂರಿಸಿದ್ದಾರೆ ನೋಡು.

ಇನ್ನೊಂದು, ಮಳೆ ನೀರು ಎಲ್ಲಿ ಇಳಿಯುತ್ತದೆ ಅಂತ ನೋಡು. ಹೊಸ ಕಟ್ಟಡ ಕಂಡರೆ ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಆ ಕಟ್ಟೆ ಸುತ್ತುವರಿದ ಬಯಲು ಕೆಳಗಿನ 86 ಕಂಬಗಳ ಮಂಟಪಕ್ಕೆ ಚಾವಣಿ. ಬಯಲಿನ ಮೇಲೆ ಬಿದ್ದ ಮಳೆ ಮಣ್ಣಿನಲ್ಲಿ ಸೋಸಿ, ಕಂಬಗಳ ಒಳಗಿನಿಂದಲೇ ಇಳಿದು, ನೆಲದಡಿಯ ತೊಟ್ಟಿ ಸೇರುತ್ತದೆ. ಇದು ಮೊದಲು 60 ಸೈಟುಗಳ ಲೇಔಟ್ ಆಗಬೇಕಿತ್ತು. 1900ರಲ್ಲಿ ಶುರುವಾಯಿತು, ಸೈಟುಗಳನ್ನು ಕೊಳ್ಳುವವರು ಬರಲಿಲ್ಲ, 1914ರಲ್ಲಿ ಕೆಲಸ ನಿಂತಿತು. ವ್ಯಾಪಾರ ಕೈಕೊಟ್ಟಿದ್ದರಿಂದಲೇ ಅದು ಊರಿನವರ ಪಾರ್ಕಾಯಿತು. ನನಗೆ ಇದು ತುಂಬಾ ಇಷ್ಟವಾಯಿತು.

ಗೌಡಿಯದೇ ಕಾಸಾ ಬಾಟ್ಯೊ ಎಂಬ ಮನೆಗೆ ಹೋದಾಗ ಎಲ್ಲರೂ ಮುಂಭಾಗದ ಎಲುಬಿನಂಥ ಕಂಬಗಳನ್ನೇ ನೋಡುತ್ತಾರೆ. ನೀನು ಮೆಟ್ಟಿಲು ಹತ್ತುವಾಗ ಮಧ್ಯದ ಬೆಳಕಿನ ಬಾವಿಯ ಹತ್ತಿರ ನಿಲ್ಲು. ನಮ್ಮ ಕಡೆ ಡಕ್ಟ್ ಅನ್ನುತ್ತೇವಲ್ಲ, ಅದೇ. ಗೌಡಿ ಅದರ ಗೋಡೆಗೆ ನೀಲಿ ಟೈಲು ಹಚ್ಚಿಸಿದ್ದಾನೆ. ಬಿಸಿಲು ಬಡಿಯುವ ಮೇಲ್ಗಡೆ ಗಾಢ ನೀಲಿ, ಕೆಳಗಿಳಿದಂತೆ ತಿಳಿಯಾಗುತ್ತಾ ಬಂದು ತಳದಲ್ಲಿ ಬಿಳಿ. ಕಿಟಕಿಗಳು ಮೇಲೆ ಚಿಕ್ಕವು, ಕೆಳಗೆ ದೊಡ್ಡವು. ಹಾಗಾಗಿ ಎಲ್ಲ ಮಹಡಿಗೂ ಬೆಳಕು ಹೆಚ್ಚುಕಮ್ಮಿ ಒಂದೇ ಸಮ ಸಿಗುತ್ತದೆ. 30×40 ಸೈಟಿನಲ್ಲಿ ನಾನು ಕಟ್ಟಿಸಿದ ಮನೆಗಳ ಒಳಕೋಣೆಗಳಲ್ಲಿ ಹಗಲೂ ದೀಪ ಉರಿಯುತ್ತದೆ. 1906ರಲ್ಲೇ ಮುಗಿದ ಕೆಲಸದ ಈ ಉಪಾಯ ನನಗೆ ಮೊದಲೇ ತಿಳಿದಿದ್ದರೆ ಎಷ್ಟು ಮನೆಗಳಿಗೆ ಬೆಳಕು ಬರುತ್ತಿತ್ತೋ. ನೀನಾದರೂ ಅಳತೆ ಸಮೇತ ಬರೆದುಕೊಂಡು ಬಾ.

ಸಗ್ರಾದ ಫಮೀಲಿಯ ಎಂಬ ಗೌಡಿಯ ದೊಡ್ಡ ಚರ್ಚಿನ ಒಳಗೆ ಮೇಷ್ಟ್ರು ನಿಮಗೆ ಎಷ್ಟು ಹೊತ್ತು ಕೊಡುತ್ತಾರೋ ಗೊತ್ತಿಲ್ಲ. ಅಲ್ಲಿನ ಮ್ಯೂಸಿಯಂನಲ್ಲಿ ತಲೆಕೆಳಗಾಗಿ ತೂಗುವ ದಾರಗಳ ಮಾದರಿಯೊಂದಿದೆ, ಅದನ್ನು ತಪ್ಪಿಸಬೇಡ. ಹಬ್ಬದ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತೇವೆ. ದಾರವನ್ನು ಬಿಗಿಯದೆ ಬಿಟ್ಟರೆ ಎಲೆಗಳ ಭಾರಕ್ಕೆ ಅದು ತಾನಾಗಿಯೇ ಒಂದು ಬಾಗು ಹಿಡಿಯುತ್ತದೆ. ಅದೇ ಬಾಗನ್ನು ಬುಡಮೇಲು ಮಾಡಿ ಕಲ್ಲಿನಲ್ಲಿ ಕಟ್ಟು, ಕಮಾನು. ದಾರದಲ್ಲಿ ಎಳೆತವಾಗಿದ್ದದ್ದು ಕಲ್ಲಿನಲ್ಲಿ ಒತ್ತಡವಾಗುತ್ತದೆ, ಕಲ್ಲಿಗೆ ಬೇಕಾದ್ದೂ ಅದೇ. ಗೌಡಿ ಕೊಲೋನಿಯಾ ಗ್ವೆಲ್ ಎಂಬಲ್ಲಿನ ಒಂದು ಚರ್ಚಿಗಾಗಿ ಹತ್ತು ವರ್ಷ ಹೀಗೆ ದಾರ ಇಳಿಬಿಟ್ಟು, ಸೀಸದ ಗುಂಡುಗಳ ಪುಟ್ಟ ಚೀಲಗಳನ್ನು ತೂಗುಹಾಕಿ, ಅದರ ಫೋಟೋ ತೆಗೆಸಿ, ಫೋಟೋವನ್ನು ತಲೆಕೆಳಗು ಮಾಡಿ ನೋಡಿದವನು. ದಿನಾ ತೂಗುಗುಂಡು ಬಿಟ್ಟು ಗೋಡೆ ನೋಡುವ ನನಗೆ ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಸಗ್ರಾದ ಫಮೀಲಿಯದ ಒಳಗಿನ ಕಂಬಗಳು ಮರದ ಹಾಗೆ ಕವಲೊಡೆದು ಯಾಕೆ ವಾಲಿವೆ ಅಂತ ಆ ದಾರ ನೋಡಿದ ಮೇಲೆ ನಿನಗೇ ತಿಳಿಯುತ್ತದೆ.

ಬೆಳಿಗ್ಗೆ ಹೋದರೆ ಪೂರ್ವದ ಗಾಜುಗಳಿಂದ ನೀಲಿ, ಹಸಿರು ಬೆಳಕು. ಸಂಜೆಗೆ ಪಶ್ಚಿಮದಿಂದ ಕೆಂಪು, ಕಿತ್ತಳೆ. ಪೂರ್ವದ ಬಾಗಿಲಲ್ಲಿ ಎರಡು ಕಂಬಗಳ ಬುಡಕ್ಕೆ ಆಮೆಗಳಿವೆ. ಸಮುದ್ರದ ಕಡೆಯದು ಕಡಲಾಮೆ, ಬೆಟ್ಟದ ಕಡೆಯದು ನೆಲದ ಆಮೆ.

1882ರಲ್ಲಿ ಅದಕ್ಕೆ ಪಾಯ ಬಿದ್ದಾಗ ವಾಸ್ತುಶಿಲ್ಪಿ ಬೇರೆಯವರು, ಮರುವರ್ಷ ಗೌಡಿ ವಹಿಸಿಕೊಂಡ. ಸಾಯುವಾಗ ಒಂದೇ ಒಂದು ಗಂಟೆಗೋಪುರ ಮುಗಿದಿತ್ತು. 1936ರಲ್ಲಿ ಅಂತರ್ಯುದ್ಧ ಶುರುವಾದಾಗ ಅವನ ಕಾರ್ಯಾಗಾರಕ್ಕೆ ಬೆಂಕಿ ಬಿತ್ತು, ಪ್ಲಾಸ್ಟರ್ ಮಾದರಿಗಳು ಪುಡಿಯಾದವು. ಉಳಿದವರು ಆ ಚೂರುಗಳನ್ನು ಹೆಕ್ಕಿ, ಒಂದಕ್ಕೊಂದು ಹೊಂದಿಸಿ, ಅವನ ಲೆಕ್ಕ ಏನಿತ್ತೆಂದು ಕಂಡುಕೊಂಡು ಮುಂದೆ ಕಟ್ಟಿದರು. ಆ ಹೆಸರು ಗೊತ್ತಿಲ್ಲದ ಕೆಲಸಗಾರರನ್ನು ನೆನೆದು ಒಂದು ನಿಮಿಷ ಸುಮ್ಮನೆ ನಿಲ್ಲು, ನನ್ನ ಪರವಾಗಿ.

ಗೌಡಿ ಸತ್ತ ಕತೆ ನಿನಗೆ ಗೊತ್ತೇ ಇರುತ್ತದೆ. 1926ರ ಜೂನ್ 7ರ ಸಂಜೆ ಟ್ರಾಮ್ ಬಡಿಯಿತು. ಮಾಸಿದ ಬಟ್ಟೆ, ಜೇಬಿನಲ್ಲಿ ಗುರುತಿನ ಕಾಗದವಿಲ್ಲ. ಭಿಕ್ಷುಕನೆಂದುಕೊಂಡು ಬಡವರ ಆಸ್ಪತ್ರೆಗೆ ಸೇರಿಸಿದರು. ಯಾರೆಂದು ತಿಳಿದದ್ದು ಮರುದಿನ, 10ನೇ ತಾರೀಖು ಹೋಗಿಬಿಟ್ಟ. ಇದನ್ನು ಓದುವಾಗ ನನಗೆ ನಮ್ಮ ಸೆಂಟ್ರಿಂಗ್ ಕೆಲಸದ ಒಬ್ಬ ಹುಡುಗ ಕಣ್ಣೆದುರು ಬಂದ. ಸಾರುವೆಯಿಂದ ಜಾರಿಬಿದ್ದವನನ್ನು ಎತ್ತಿಕೊಂಡು ಓಡಿದೆವು. ಮೈತುಂಬಾ ಸಿಮೆಂಟಿನ ಧೂಳು ಇದ್ದವನನ್ನು ಆಸ್ಪತ್ರೆಯಲ್ಲಿ ಒಂದು ಗಂಟೆ ಬೆಂಚಿನ ಮೇಲೆಯೇ ಮಲಗಿಸಿದ್ದರು. ಅವನು ಬದುಕಿದ. ಆದರೆ ಆ ಒಂದು ಗಂಟೆಯನ್ನು ನಾನು ಮರೆತಿಲ್ಲ. ನಾಳೆ ನೀನು ಹೆಲ್ಮೆಟ್ ಹಾಕಿಕೊಂಡು ಸೈಟಿಗೆ ಇಳಿದಾಗ, ಧೂಳಿನ ಬಟ್ಟೆಯವರ ಹೆಸರು ಮೊದಲು ಕೇಳಿ ತಿಳಿದುಕೊ. ಮತ್ತೆ ಪಾಸ್‌ಪೋರ್ಟಿನ ನಕಲು, ಹೋಟೆಲಿನ ವಿಳಾಸ ಯಾವಾಗಲೂ ಮೈಮೇಲೆ ಇರಲಿ. ಲಾ ರಾಂಬ್ಲಾ ಬೀದಿಯಲ್ಲಿ ಜೇಬುಗಳ್ಳರು ಜಾಸ್ತಿಯಂತೆ, ಬ್ಯಾಗು ಮುಂದೆ ಹಾಕಿಕೊ. ಗುಂಪು ಬಿಟ್ಟು ಒಬ್ಬಳೇ ಹೋಗಬೇಡ.

ಪಿಕಾಸೋ ಮ್ಯೂಸಿಯಂನಲ್ಲಿ ಒಂದು ದೊಡ್ಡ ಚಿತ್ರ ಇದೆ, ಎರಡೂವರೆ ಮೀಟರ್ ಅಗಲದ್ದು, ವಿಜ್ಞಾನ ಮತ್ತು ದಯೆ ಅಂತ ಹೆಸರು. ಮಂಚದ ಮೇಲೆ ಕಾಯಿಲೆಯ ಹೆಂಗಸು, ಪಕ್ಕದಲ್ಲಿ ಅವಳ ಕೈ ಹಿಡಿದು ನಾಡಿ ನೋಡುತ್ತಿರುವ ಡಾಕ್ಟರು. 1897ರಲ್ಲಿ ಅದನ್ನು ಬರೆದಾಗ ಪಿಕಾಸೋಗೆ 15 ವರ್ಷ. ಆ ಡಾಕ್ಟರಾಗಿ ಕೂತವರು ಅವನಪ್ಪ. ಅವರು ಚಿತ್ರಕಲಾ ಮೇಷ್ಟ್ರು, ಬಾರ್ಸಿಲೋನಾದ ಶಾಲೆಯಲ್ಲಿ ಕೆಲಸ ಸಿಕ್ಕಿ 1895ರಲ್ಲಿ ಸಂಸಾರ ಕಟ್ಟಿಕೊಂಡು ಆ ಊರಿಗೆ ಬಂದವರು. ಮಗ ಮುಂದೆ ಅಪ್ಪ ಕಲಿಸಿದ ದಾರಿಯನ್ನೇ ಬಿಟ್ಟು ಎಲ್ಲೋ ಹೋದ. ಅದೇ ಮ್ಯೂಸಿಯಂನಲ್ಲಿ, 1957ರಲ್ಲಿ ವೆಲಾಸ್ಕೆಸ್‌ನ ಹಳೆಯ ಚಿತ್ರವೊಂದನ್ನು ಹಿಡಿದು ಅವನು ಮತ್ತೆ ಮತ್ತೆ ಮುರಿದು ಕಟ್ಟಿದ ಸಾಲನ್ನೂ ನೋಡುತ್ತೀಯ. ನಾನು ಕಟ್ಟಿಸುವಂಥ ಮನೆಯನ್ನು ನೀನು ಬರೆಯದಿದ್ದರೆ ನನಗೇನೂ ಬೇಸರವಿಲ್ಲ ಪುಟ್ಟಿ. ಕಳೆದ ಸಲ ನಿನ್ನ ಡ್ರಾಯಿಂಗ್ ನೋಡಿ, "ಇದು ನಿಲ್ಲಲ್ಲ" ಅಂತ ಜೋರು ಮಾಡಿದೆನಲ್ಲ, ಆಮೇಲೆ ಲೆಕ್ಕ ಹಾಕಿದೆ. ನಿಲ್ಲುತ್ತದೆ.

ಮೊಂಜುಯಿಕ್ ಬೆಟ್ಟದ ಕೆಳಗಿನ ಮೀಸ್ ಪೆವಿಲಿಯನ್, ಬೆಟ್ಟದ ಮೇಲಿನ ಮಿರೋ ಫೌಂಡೇಶನ್, ಪಲಾವ್ ಸಂಗೀತ ಮಂದಿರದ ಗಾಜಿನ ಚಾವಣಿ, ಇವೆಲ್ಲ ನಿಮ್ಮ ಪಟ್ಟಿಯಲ್ಲೇ ಇವೆ, ನಾನು ಹೇಳಬೇಕಾದ್ದಿಲ್ಲ.

ಪಟ್ಟಿಯಲ್ಲಿ ಅರ್ಧ ಗಂಟೆಯಷ್ಟೇ ಬರೆದಿರುವ ಒಂದು ಚರ್ಚ್ ಇದೆ, ಸಾಂತ ಮರಿಯ ದೆಲ್ ಮಾರ್. ಮೇಷ್ಟ್ರನ್ನು ಕೇಳಿಕೊಂಡು ಅಲ್ಲಿ ಇನ್ನರ್ಧ ಗಂಟೆ ಇರು. 1329ರಲ್ಲಿ ಶುರುವಾಗಿ 1383ಕ್ಕೆ ಮುಗಿದದ್ದು, ಬಂದರು ಕೇರಿಯ ಜನ ತಾವೇ ಕಟ್ಟಿಕೊಂಡದ್ದು. ಕಲ್ಲು ಬಂದದ್ದು ಆ ಮೊಂಜುಯಿಕ್ ಬೆಟ್ಟದಿಂದ. ಹಡಗಿನ ಮೂಟೆ ಹೊರುತ್ತಿದ್ದ ಹಮಾಲರು, ಅಲ್ಲಿಯ ಮಾತಿನಲ್ಲಿ ಬಸ್ತಾಯ್ಶುಗಳು, ಕೂಲಿ ತೆಗೆದುಕೊಳ್ಳದೆ ಆ ಕಲ್ಲುಗಳನ್ನು ಬೆನ್ನ ಮೇಲೆ ಹೊತ್ತು ತಂದರು. ಮುಖ್ಯ ಬಾಗಿಲಿನ ಮೇಲೆ ಹೊರೆ ಹೊತ್ತ ಆ ಹಮಾಲರದೇ ಕಂಚಿನ ಪುಟ್ಟ ಗೊಂಬೆಗಳಿವೆ.

ಒಳಗಿನ ಕಂಬಗಳನ್ನು ಫೋಟೋ ತೆಗೆದುಕೊ, ಸಾಕು. ಆ ಗೊಂಬೆಯನ್ನು ಮಾತ್ರ ಕೈಯಲ್ಲೇ ಬರಿ. ಹೊರೆ ಎಲ್ಲಿ ಕೂತಿದೆ, ಕುತ್ತಿಗೆ ಎಷ್ಟು ಬಾಗಿದೆ, ಹೆಜ್ಜೆ ಹೇಗೆ ಊರಿದೆ, ಎಲ್ಲ ಬರಲಿ. ನಿಮ್ಮಜ್ಜಿ ಇಪ್ಪತ್ತು ವರ್ಷ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಗಾರೆ ಬಾಂಡ್ಲಿ ಹೊತ್ತವಳು. ಮೊನ್ನೆ ರಾತ್ರಿ ಈ ಕತೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, ಆಮೇಲೆ, "ದೇವಸ್ಥಾನದ ಬಾಗಿಲಲ್ಲೇ ಇಟ್ಟವ್ರಾ ನಮ್ಮಂಥೋರನ್ನ?" ಅಂತ ಎರಡು ಸಲ ಕೇಳಿದಳು. ಕನ್ನಡಕದ ಹೊಸ ಗಾಜು ಈ ವಾರ ಬರುತ್ತದೆ. ನೀನು ಬರುವಷ್ಟರಲ್ಲಿ ಅವಳಿಗೆ ಚೆನ್ನಾಗಿ ಕಾಣುತ್ತದೆ.

ನಿನ್ನ,
ಅಪ್ಪ