ವೆಬ್‌ಹುಕ್ ಅಳಿಸುವ ಸಾಧನಗಳಿಗೆ ಸರಿಯಾದ ಕೈಪಿಡಿ ಇರಲಿ

ಮಾನ್ಯ ಸಂಪಾದಕರೇ,

ಕೋಡ್ ರೆಪೊಸಿಟರಿಗಳಲ್ಲಿ, ಅಂದರೆ ಕೋಡನ್ನು ಕೂಡಿಡುವ ಉಗ್ರಾಣಗಳಲ್ಲಿ, ಬಳಕೆ ತಪ್ಪಿದ ವೆಬ್‌ಹುಕ್‌ಗಳನ್ನು ಒಟ್ಟಿಗೆ ಅಳಿಸಿಹಾಕುವ ಚಿಕ್ಕಪುಟ್ಟ ಸಾಧನಗಳು ಈಗ ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಹಲವದರ ಕೈಪಿಡಿಯಲ್ಲಿ ಇರುವುದು ಒಂದು ಕಮಾಂಡ್ ಮತ್ತು ಟೋಕನ್ (ಖಾತೆಗೆ ಪ್ರವೇಶ ಕೊಡುವ ಗುರುತಿನ ಸಂಕೇತ) ಕೊಟ್ಟು ಅದನ್ನು ಚಲಾಯಿಸಿ ಎನ್ನುವ ಒಂದು ಸಾಲು ಮಾತ್ರ. ಕೊಟ್ಟದ್ದನ್ನು ತೋರಿಸುವ ಸಾಧನಕ್ಕೆ ಇಷ್ಟು ಸಾಕಾಗಬಹುದು, ಇದ್ದುದನ್ನು ಅಳಿಸುವ ಸಾಧನಕ್ಕೆ ಸಾಲದು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಇಂಥ ಸಾಧನಗಳನ್ನು ಬರೆಯುವವರ ಗಮನಕ್ಕೆ ತರಬಯಸುತ್ತೇನೆ.

ರೆಪೊಸಿಟರಿಗೆ ಹೊಸ ಕೋಡ್ ಸೇರಿದಾಗ ಅಥವಾ ಬೇರೆ ಯಾವುದಾದರೂ ಬದಲಾವಣೆ ನಡೆದಾಗ ಆ ಸುದ್ದಿಯನ್ನು ನಿಗದಿತ ವಿಳಾಸಕ್ಕೆ ತಾನಾಗಿಯೇ ಕಳುಹಿಸುವ ಏರ್ಪಾಡಿಗೆ ವೆಬ್‌ಹುಕ್ ಎಂಬ ಹೆಸರನ್ನು 2007ರಲ್ಲಿ ಕೊಟ್ಟವರು ಜೆಫ್ ಲಿಂಡ್ಸೆ. ಸುದ್ದಿ ಪಡೆಯುತ್ತಿದ್ದ ಸರ್ವರನ್ನು ಮುಚ್ಚಿದ ಮಾತ್ರಕ್ಕೆ ಹುಕ್ ಹೋಗುವುದಿಲ್ಲ. ಆ ಡೊಮೇನ್‌ನ ನೋಂದಣಿ ಮುಗಿದು ಬೇರೆಯವರು ಅದನ್ನು ಕೊಂಡುಕೊಂಡರೆ, ಖಾಸಗಿ ರೆಪೊಸಿಟರಿಯ ಬ್ರಾಂಚ್‌ಗಳ (ಕೋಡಿನ ಕವಲುಗಳ) ಹೆಸರು, ಕಮಿಟ್ ಸಂದೇಶಗಳು (ಪ್ರತಿ ಬದಲಾವಣೆಗೆ ಬರೆದ ಟಿಪ್ಪಣಿಗಳು), ಕೋಡ್ ಬರೆದವರ ಇಮೇಲ್ ವಿಳಾಸಗಳು ಯಾರದೋ ಕೈಸೇರುತ್ತವೆ. ಹಾಗಾಗಿ ಹಳೆಯ ಹುಕ್‌ಗಳನ್ನು ತೆಗೆಯುವುದು ಬೇಕೇ ಬೇಕು. ನನ್ನ ತಕರಾರು ಸಾಧನದ ಬಗ್ಗೆ ಅಲ್ಲ, ಅದರ ಜೊತೆ ಬರುವ ಬರವಣಿಗೆಯ ಬಗ್ಗೆ.

ಕೈಪಿಡಿ ಮೊದಲು ಹೇಳಬೇಕಾದದ್ದು, ಅಳಿಸಿದ ಹುಕ್ ಮರಳಿ ಬರುವುದಿಲ್ಲ ಎಂಬುದನ್ನು. ಅಳಿಸುವ ಮುನ್ನ ಪಟ್ಟಿಯನ್ನು ಫೈಲಿನಲ್ಲಿ ಉಳಿಸಿಕೊಂಡರೆ ಆಯಿತಲ್ಲ ಎಂದು ಹಲವರು ಭಾವಿಸುತ್ತಾರೆ. ಆದರೆ ರೆಪೊಸಿಟರಿಗಳನ್ನು ಇಡುವ ತಾಣವಾದ ಗಿಟ್‌ಹಬ್ ಕೊಡುವ ಪಟ್ಟಿಯಲ್ಲಿ ಹುಕ್‌ನ ಸಂಖ್ಯೆ, ವಿಳಾಸ, ಯಾವ ಘಟನೆಗಳಿಗೆ ಅದು ಸ್ಪಂದಿಸುತ್ತದೆ ಎಂಬ ವಿವರ ಎಲ್ಲ ಇದ್ದರೂ, ಸಂದೇಶ ಅಸಲಿಯೇ ಎಂದು ಪರೀಕ್ಷಿಸಲು ಬಳಸುವ ಗುಪ್ತ ಕೀಲಿಯ ಜಾಗದಲ್ಲಿ ಬರೀ ನಕ್ಷತ್ರ ಚಿಹ್ನೆಗಳಿರುತ್ತವೆ. ಆ ಕೀಲಿಯನ್ನು ತಂಡದವರು ಬೇರೆಡೆ ಬರೆದಿಟ್ಟುಕೊಂಡಿರದಿದ್ದರೆ ಹೊಸ ಕೀಲಿಯೊಂದಿಗೆ ಹುಕ್ ಮಾಡಿ, ಸುದ್ದಿ ಪಡೆಯುವ ಸರ್ವರಿನಲ್ಲೂ ಅದನ್ನು ಬದಲಿಸಬೇಕಾಗುತ್ತದೆ. ಅಲ್ಲಿಯವರೆಗೆ ಆ ಕೀಲಿಯಿಂದ ಎಸ್‌ಎಚ್‌ಎ-256 ವಿಧಾನದಲ್ಲಿ ಮಾಡುವ ಸಹಿಯ ಪರಿಶೀಲನೆಯಲ್ಲಿ ಬಂದ ಸಂದೇಶಗಳೆಲ್ಲ ತಿರಸ್ಕೃತವಾಗುತ್ತವೆ. ಅಳಿಸದೆಯೇ ಹುಕ್ ಅನ್ನು ನಿಷ್ಕ್ರಿಯಗೊಳಿಸಿ, ಕೆಲವು ದಿನ ಯಾರಿಗೂ ತೊಂದರೆಯಾಗಲಿಲ್ಲವೆಂದು ಖಚಿತವಾದ ಮೇಲೆ ತೆಗೆಯುವ ದಾರಿಯೂ ಇದೆ. ಅದನ್ನು ಉಲ್ಲೇಖಿಸುವ ಕೈಪಿಡಿ ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ.

ಯಾವ ಹುಕ್ ಅಳಿಯಬೇಕೆಂದು ಸಾಧನ ತೀರ್ಮಾನಿಸುವ ಬಗೆಯೂ ಸ್ಪಷ್ಟವಾಗಿರಬೇಕು. ಕೋಡನ್ನು ತಾನಾಗಿಯೇ ಜೋಡಿಸಿ ಪರೀಕ್ಷಿಸುವ ಜೆಂಕಿನ್ಸ್ ತಂತ್ರಾಂಶ ಬಳಸುವ ತಂಡವೊಂದು ಹಳೆಯ ಸರ್ವರಿನಿಂದ ಹೊಸದಕ್ಕೆ ಬದಲಾಗಿದೆ ಎಂದಿಟ್ಟುಕೊಳ್ಳೋಣ. ಜೆಂಕಿನ್ಸ್‌ನ ಗಿಟ್‌ಹಬ್ ಪ್ಲಗಿನ್‌ಗೆ ಹೋಗುವ ಹುಕ್‌ಗಳ ವಿಳಾಸ ಸಾಮಾನ್ಯವಾಗಿ ‘ಗಿಟ್‌ಹಬ್-ವೆಬ್‌ಹುಕ್’ ಎಂಬ ಭಾಗದಿಂದಲೇ ಕೊನೆಯಾಗುವುದರಿಂದ, ವಿಳಾಸದ ಒಂದು ತುಣುಕು ಹೊಂದಿದರೆ ಸಾಕು ಎನ್ನುವ ಸಾಧನಕ್ಕೆ ಆ ತುಣುಕನ್ನು ಕೊಟ್ಟರೆ ಹಳೆಯದರ ಜೊತೆಗೆ ಜೀವಂತ ಹುಕ್ ಕೂಡ ಅಳಿದುಹೋಗುತ್ತದೆ. ಹೋಲಿಕೆ ಪೂರ್ತಿ ವಿಳಾಸದ್ದೋ ಭಾಗದ್ದೋ ಎಂದು ತಿಳಿಸಲು ಒಂದು ವಾಕ್ಯ ಸಾಕು. ಆ ವಾಕ್ಯವೇ ಎಷ್ಟೋ ಕಡೆ ಇಲ್ಲ.

ಇನ್ನೊಂದು ತೊಡಕು ಸರ್ವರಿನ ಉತ್ತರವನ್ನು ಓದುವ ರೀತಿಯಲ್ಲಿದೆ. ಹುಕ್ ಅಳಿದಾಗ ಗಿಟ್‌ಹಬ್ 204 ಎಂಬ ಸಂಕೇತ ಕೊಡುತ್ತದೆ, ಹುಕ್ ಸಿಗದಿದ್ದರೆ 404. ಕೆಲವು ಸಾಧನಗಳು 404 ಬಂದೊಡನೆ ಈಗಾಗಲೇ ಅಳಿದಿದೆ ಎಂದು ಲೆಕ್ಕಹಾಕಿ ಮುಂದೆ ಹೋಗುತ್ತವೆ. ಆದರೆ ಖಾಸಗಿ ರೆಪೊಸಿಟರಿ ಇದೆಯೆಂಬುದನ್ನೇ ಬಿಟ್ಟುಕೊಡಬಾರದೆಂದು, ಅನುಮತಿ ಇಲ್ಲದ ಟೋಕನ್‌ಗೂ ಗಿಟ್‌ಹಬ್ ಅದೇ 404 ಉತ್ತರವನ್ನು ಕೊಡುತ್ತದೆ. ಹೀಗಾಗಿ ಪರದೆಯ ಮೇಲೆ ಎಲ್ಲವೂ ಸ್ವಚ್ಛವೆಂದು ಕಾಣಿಸಿದರೂ ಹುಕ್ ಮಾತ್ರ ಎಂದಿನಂತೆ ಸಂದೇಶ ಕಳುಹಿಸುತ್ತಲೇ ಇರಬಹುದು. ಅಳಿಸಲು ಹಳೆಯ ಬಗೆಯ ಟೋಕನ್‌ನಲ್ಲಿ ‘ಅಡ್ಮಿನ್:ರೆಪೊ_ಹುಕ್’ ಅನುಮತಿ ಸಾಕು. ‘ರೈಟ್:ರೆಪೊ_ಹುಕ್’ ಇದ್ದರೆ ಹುಕ್ ಬರೆಯಬಹುದೇ ಹೊರತು ಅಳಿಸಲಾಗದು. ಇದನ್ನು ವಿವರಿಸುವ ಗೋಜಿಗೆ ಹೋಗದೆ ಪೂರ್ಣ ‘ರೆಪೊ’ ಅನುಮತಿಯನ್ನೇ ಕೇಳುವ ಕೈಪಿಡಿಗಳು, ಕಸ ತೆಗೆಯಲು ಬಂದವರಿಗೆ ಮನೆಯ ಎಲ್ಲ ಬೀಗದ ಕೈಗಳನ್ನೂ ಕೊಡಿ ಎನ್ನುತ್ತಿವೆ.

ಪುಟಗಳ ವಿಷಯವನ್ನೂ ಹೇಳಬೇಕು. ಸಂಸ್ಥೆಯೊಂದರ ರೆಪೊಸಿಟರಿಗಳ ಪಟ್ಟಿ ಕೇಳಿದರೆ ಗಿಟ್‌ಹಬ್ ಒಂದು ಸಲಕ್ಕೆ (ಒಂದು ಪುಟಕ್ಕೆ) 30 ಹೆಸರು ಕೊಡುತ್ತದೆ, ಹೆಚ್ಚು ಬೇಕೆಂದರೆ ಗರಿಷ್ಠ 100. ಸಾಧನ ಮುಂದಿನ ಪುಟಗಳಿಗೆ ಹೋಗುತ್ತದೆಯೇ ಎಂಬುದು ಬಳಸುವವರಿಗೆ ತಿಳಿಯಬೇಕು. ಸಂಸ್ಥೆಯ ಮಟ್ಟದಲ್ಲಿ ಹಾಕಿದ ಹುಕ್‌ಗಳು ರೆಪೊಸಿಟರಿಯ ಪಟ್ಟಿಯಲ್ಲಿ ಬರುವುದಿಲ್ಲವಾದ್ದರಿಂದ ಅವನ್ನು ಸಾಧನ ಮುಟ್ಟುವುದೇ ಇಲ್ಲವೇ ಎಂಬುದೂ ಸಹ.

ಕೊನೆಯದಾಗಿ ಒಂದು ಕೋರಿಕೆ. ಏನೂ ಸೂಚನೆ ಕೊಡದೆ ಚಲಾಯಿಸಿದರೆ ಸಾಧನ ಡ್ರೈ ರನ್ ಮಾತ್ರ ಮಾಡಲಿ, ಅಂದರೆ ಏನನ್ನೂ ಅಳಿಸದೆ ಏನೇನು ಅಳಿಯುತ್ತದೆ ಎಂದಷ್ಟೇ ತೋರಿಸಲಿ. ನಿಜವಾಗಿ ಅಳಿಸಲು ಬೇರೆಯದೇ ಸೂಚನೆ ಬೇಕಾಗಲಿ. ಆ ಡ್ರೈ ರನ್‌ನ ಫಲಿತಾಂಶ ಹೇಗಿರುತ್ತದೆ ಎಂಬುದನ್ನು ರೆಪೊಸಿಟರಿಯ ಹೆಸರು, ಹುಕ್ ಸಂಖ್ಯೆ, ಪೂರ್ತಿ ವಿಳಾಸ, ಸಕ್ರಿಯವೋ ಅಲ್ಲವೋ ಎಂಬ ಸ್ಥಿತಿಗಳೊಂದಿಗೆ ಕೈಪಿಡಿಯಲ್ಲೇ ತೋರಿಸಿ, ಅಳಿಸುವ ಕಮಾಂಡನ್ನು ಅದರ ಕೆಳಗೆ ಬರೆಯಲಿ.

ಇಂತಿ,
ತಂತ್ರಾಂಶ ಕ್ಷೇತ್ರದ ಒಬ್ಬ ಓದುಗ